ಆಗಸ್ಟ್‌ನ ಸಂತರಿಗೆ ಜನವರಿಯ ಜಾತ್ರೆ

ಕಥೋಲಿಕ ಚರ್ಚಿನ ಕ್ಯಾಲೆಂಡರಿನಲ್ಲಿ ಸಂತ ಲಾರೆನ್ಸರ ಹಬ್ಬ ಆಗಸ್ಟ್ 10ಕ್ಕೆ. ತುಳುನಾಡಿಗೆ ಅದು ಆಟಿ ತಿಂಗಳು. ಹಗಲಿರುಳು ಮಳೆ, ಶುಭಕಾರ್ಯಕ್ಕೆ ಯಾರೂ ದಿನ ಇಡದ ಕಾಲ. ಕಾರ್ಕಳದ ಅತ್ತೂರಿನಲ್ಲಿ ಈ ಸಂತರ ಜಾತ್ರೆ ನಡೆಯುವುದು ಜನವರಿ ಕೊನೆಗೆ. ಆ ಹೊತ್ತಿಗೆ ಏಣೆಲು ಬೆಳೆಯ ಕೊಯ್ಲು ಮುಗಿದಿರುತ್ತದೆ, ದಾರಿ ಒಣಗಿರುತ್ತದೆ, ಮುಂಬೈಗೋ ಗಲ್ಫ್‌ಗೋ ಹೋದ ಮಕ್ಕಳು ರಜೆ ಹೊಂದಿಸಿಕೊಂಡು ಬಂದಿರುತ್ತಾರೆ. ಐದು ದಿನ, ಲಕ್ಷಾಂತರ ಜನ. ಸುತ್ತಲಿನ ಊರುಗಳಲ್ಲಿ ಇದಕ್ಕೆ ‘ಅತ್ತೂರು ಸಾಂತ್‌ಮಾರಿ’ ಎಂದೇ ಹೆಸರು.

ಇವತ್ತಿನ ಕಥೋಲಿಕರಿಗೆ ಸಂತರ ದಿನ ಎಷ್ಟು ಮುಖ್ಯ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಐದು ತಿಂಗಳಿಗೂ ಮೀರಿದ ಅಂತರವನ್ನು. ಆಗಸ್ಟ್ 10ರಂದು ಬಲಿಪೂಜೆ ಇದ್ದೇ ಇರುತ್ತದೆ. ಆದರೆ ಊರಿಗೆ ಊರೇ ಕಾದು ಕೂರುವುದು ಜನವರಿಗೆ.

ಲಾರೆನ್ಸರು ಮೂರನೇ ಶತಮಾನದ ರೋಮಿನಲ್ಲಿ ಡೀಕನ್ ಆಗಿದ್ದವರು. ಚರ್ಚಿನ ಹಣಕಾಸು, ಬಡವರಿಗೆ ಹಂಚುವ ದಾನ ಅವರ ಉಸ್ತುವಾರಿಯಲ್ಲಿತ್ತು. 258ರಲ್ಲಿ, ಚಕ್ರವರ್ತಿ ವಲೇರಿಯನ್‌ನ ಕಾಲದ ಹಿಂಸಾಚಾರದಲ್ಲಿ, ಎರಡನೇ ಸಿಕ್ಸ್ಟಸ್ ಪೋಪರನ್ನು ಕೊಂದ ನಾಲ್ಕೇ ದಿನಕ್ಕೆ ಇವರನ್ನೂ ಕೊಂದರು. ಚರ್ಚಿನ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದಾಗ ಲಾರೆನ್ಸರು ಊರಿನ ಬಡವರು, ಕುಂಟರು, ಕುರುಡರನ್ನು ಕರೆತಂದು ನಿಲ್ಲಿಸಿದರೆಂದು ಪರಂಪರೆ ಹೇಳುತ್ತದೆ. ಆಗಸ್ಟ್ 10 ಅವರು ಸತ್ತ ದಿನ. ಕಥೋಲಿಕರಲ್ಲಿ ಹೆಚ್ಚಿನ ಸಂತರ ಹಬ್ಬವೂ ಹೀಗೆಯೇ, ಹುಟ್ಟಿದ ದಿನಕ್ಕಲ್ಲ, ಕಣ್ಣು ಮುಚ್ಚಿದ ದಿನಕ್ಕೆ. ಸ್ವರ್ಗದಲ್ಲಿ ಹುಟ್ಟಿದ ದಿನ ಅದೇ ಎಂಬ ನಂಬಿಕೆ. ಮಂತ್ರಾಲಯದ ಆರಾಧನೆಯನ್ನೂ ದರ್ಗಾಗಳ ಉರುಸನ್ನೂ ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಸಂತರ ದಿನಕ್ಕೂ ಒಂದೇ ತೂಕವಿಲ್ಲ. ಮಹೋತ್ಸವ, ಹಬ್ಬ, ಸ್ಮರಣೆ, ಐಚ್ಛಿಕ ಸ್ಮರಣೆ ಎಂದು ನಾಲ್ಕು ಮೆಟ್ಟಿಲುಗಳಿವೆ. ಐಚ್ಛಿಕ ಸ್ಮರಣೆಯನ್ನು ಗುರುಗಳು ಬೇಕಾದರೆ ಆಚರಿಸಬಹುದು, ಬಿಡಲೂಬಹುದು. ಲಾರೆನ್ಸರದು ಎರಡನೇ ಮೆಟ್ಟಿಲು. ಹೆಚ್ಚಿನ ಹುತಾತ್ಮರಿಗೆ ಸಿಗದ ಗೌರವ ಅದು. ಹಾಗಿದ್ದೂ ಭಾನುವಾರದ ಮುಂದೆ ಅದು ನಿಲ್ಲುವುದಿಲ್ಲ. 2025ರಲ್ಲಿ ಆಗಸ್ಟ್ 10 ಭಾನುವಾರವೇ ಬಂದದ್ದರಿಂದ ಸಾಮಾನ್ಯ ಕ್ಯಾಲೆಂಡರಿನಲ್ಲಿ ಆ ವರ್ಷ ಲಾರೆನ್ಸರ ಹಬ್ಬವೇ ಇರಲಿಲ್ಲ. ಯಾವ ಚರ್ಚಿಗೆ ಅವರ ಹೆಸರಿದೆಯೋ ಅಲ್ಲಿ ಮಾತ್ರ ಲೆಕ್ಕ ಬೇರೆ. ಆ ಗೋಡೆಗಳ ಒಳಗೆ ಅವರ ದಿನ ಮಹೋತ್ಸವದ ಮೆಟ್ಟಿಲಿಗೆ ಏರುತ್ತದೆ, ಆಗಸ್ಟ್‌ನ ಸಾಧಾರಣ ಭಾನುವಾರವೇ ಅದಕ್ಕೆ ಜಾಗ ಬಿಟ್ಟುಕೊಡುತ್ತದೆ. ಸಂತರೊಬ್ಬರು ಎಷ್ಟು ದೊಡ್ಡವರು ಎಂಬುದಕ್ಕೆ ಅವರು ಯಾವ ಊರಿನವರಾಗಿದ್ದಾರೆ ಎಂಬುದೂ ಸೇರುತ್ತದೆ ಎಂದು ಚರ್ಚಿನ ಕಾನೂನೇ ಒಪ್ಪಿಕೊಂಡಂತೆ. ಈ ನಿಯಮ ನನಗೆ ತುಂಬಾ ಹಿಡಿಸಿದೆ.

ಕ್ಯಾಲೆಂಡರ್ ಹೀಗೆ ತೆಳುವಾಗಿದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ಸಂತರ ದಿನಗಳು ಮಿತಿಮೀರಿ ಬೆಳೆದು ಕ್ರಿಸ್ತನ ಜೀವನದ ಹಬ್ಬಗಳನ್ನೇ ಮುಚ್ಚುತ್ತಿವೆ ಎಂಬ ಆತಂಕ ಆಗಿನ ಧರ್ಮಾಧ್ಯಕ್ಷರಿಗಿತ್ತು. 1969ರಲ್ಲಿ ಆರನೇ ಪೌಲ್ ಪೋಪರು ಹೊಸ ಕ್ಯಾಲೆಂಡರ್ ಹೊರಡಿಸಿದರು. ಪ್ರಯಾಣಿಕರ ಸಂತ ಕ್ರಿಸ್ಟೋಫರರ ದಿನ ಸಾಮಾನ್ಯ ಪಟ್ಟಿಯಿಂದ ಇಳಿದು ಸ್ಥಳೀಯ ಆಚರಣೆಯ ಪಾಲಾಯಿತು. ಸಂತ ಜಾರ್ಜರದು ಐಚ್ಛಿಕ ಸ್ಮರಣೆಯಾಯಿತು. ಇವರನ್ನೆಲ್ಲ ಚರ್ಚ್ ಸಂತಪದವಿಯಿಂದಲೇ ಕೆಳಗಿಳಿಸಿತು ಎಂದು ಇವತ್ತಿಗೂ ಹಲವರು ತಿಳಿದಿದ್ದಾರೆ. ಹಾಗೇನೂ ಆಗಲಿಲ್ಲ. ಅವರವರ ಸಂತರನ್ನು ಅವರವರ ಊರಿಗೆ ಒಪ್ಪಿಸಿದ್ದು, ಅಷ್ಟೇ.

ಮೈಸೂರಿನವರಿಗೆ ಇದರ ಇನ್ನೊಂದು ಮುಖ ಗೊತ್ತು. ಸಂತ ಫಿಲೋಮಿನಾ ಹೆಸರಿನ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದರು. ಅದರ ಜೋಡಿ ಗೋಪುರಗಳು ಇಡೀ ನಗರದ ಗುರುತಾಗಿವೆ. ಆದರೆ 1961ರಲ್ಲಿ ರೋಮ್ ಫಿಲೋಮಿನಾ ಅವರ ದಿನವನ್ನು ಕ್ಯಾಲೆಂಡರುಗಳಿಂದ ತೆಗೆಸಿಹಾಕಿತು. 1802ರಲ್ಲಿ ರೋಮಿನ ನೆಲಮಾಳಿಗೆಯ ಸಮಾಧಿಯೊಂದರಲ್ಲಿ ಸಿಕ್ಕ ಮೂಳೆ, ಹೆಸರು ಬರೆದ ಹಂಚು ಬಿಟ್ಟರೆ ಅವರ ಬದುಕಿನ ಬಗ್ಗೆ ಚರಿತ್ರೆಯಲ್ಲಿ ಏನೂ ಇರಲಿಲ್ಲ. ಮೈಸೂರಿನ ಜನ ಮಾತ್ರ ಮೊಂಬತ್ತಿ ಹಚ್ಚುವುದನ್ನು ನಿಲ್ಲಿಸಲಿಲ್ಲ, ಚರ್ಚೂ ತಡೆಯಲಿಲ್ಲ. ಆಗಸ್ಟ್ ಬಂದರೆ ಅಲ್ಲಿ ಈಗಲೂ ಅವರ ಹಬ್ಬ.

ಕಳೆದುಹೋದದ್ದೂ ಇದೆ. ಹಿಂದೆ ಮಗುವಿನ ಹೆಸರು ಎಂದರೆ ಸಂತರ ಹೆಸರೇ. ತಂದೆತಾಯಿ ಬೇರೆ ಹೆಸರು ಹಿಡಿದು ಹಟ ಮಾಡಿದರೆ ಪಾದ್ರಿಗಳು ಅದರ ಜೊತೆಗೆ ಒಬ್ಬ ಸಂತರ ಹೆಸರು ಸೇರಿಸಿ ದಾಖಲೆಯಲ್ಲಿ ಬರೆಯಬೇಕೆಂದು 1917ರ ಚರ್ಚ್ ಕಾನೂನು ಹೇಳುತ್ತಿತ್ತು. 1983ರ ಕಾನೂನು ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಮನೆಗಳಲ್ಲೂ ಈಗ ಹುಟ್ಟುಹಬ್ಬದ ಕೇಕಿನ ಮುಂದೆ ಹೆಸರಿನ ಸಂತರ ದಿನ ಹಿಂದೆ ಸರಿದಿದೆ. ಇವತ್ತು ಯಾವ ಸಂತರ ದಿನ ಎಂದು ದಾರಿಯಲ್ಲಿ ಹತ್ತು ಕಥೋಲಿಕರನ್ನು ತಡೆದು ಕೇಳಿದರೆ ಉತ್ತರ ಸಿಗುವುದು ಕಷ್ಟ. ನಿಮ್ಮ ಚರ್ಚಿನ ಹಬ್ಬ ಯಾವಾಗ ಎಂದು ಕೇಳಿ ನೋಡಿ, ಒಬ್ಬರೂ ತಡವರಿಸುವುದಿಲ್ಲ.

ಅತ್ತೂರಿನ ಚರ್ಚ್ ಶುರುವಾದದ್ದು 1759ರಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನರು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಅತ್ತೂರೂ ಬರಿದಾಯಿತು, ಚರ್ಚ್ ಹಾಳಾಯಿತು. 1799ರ ನಂತರ ಬದುಕಿ ಮರಳಿದವರು ಮತ್ತೆ ಕಟ್ಟಲು ಜಾಗ ಹುಡುಕುತ್ತ, ಲಾರೆನ್ಸರ ಒಂದಡಿಯ ಮರದ ಮೂರ್ತಿಯನ್ನು ಹೊತ್ತು ನಡೆದರಂತೆ. ಗುಡ್ಡದ ಬುಡದಲ್ಲಿ ಒರತೆ ಕಂಡು, ಮೂರ್ತಿಯನ್ನು ಕೆಳಗಿಟ್ಟು ನೀರು ಕುಡಿದು, ಮತ್ತೆ ಎತ್ತಲು ಹೋದರೆ ಅದು ಕದಲಲಿಲ್ಲವಂತೆ. ಇದು ಐತಿಹ್ಯ. ಆದರೆ ಸೆರೆಯಿಂದ ಬಂದ ಮೇಲೆ ಆ ಜನ ಇನ್ನು ಇಲ್ಲಿಂದ ಏಳುವುದಿಲ್ಲ ಎಂದು ಸಂತರ ಬಾಯಿಂದಲೇ ಹೇಳಿಸಿದ ಹಾಗೆ ನನಗೆ ಕೇಳಿಸುತ್ತದೆ.

ಆ ಪುಟ್ಟ ಮೂರ್ತಿಯ ಮುಂದೆಯೇ ಇಂದಿಗೂ ಸರದಿ ಸಾಲು. ದೊಡ್ಡ ಕಟ್ಟಡದಲ್ಲಿ ಅದು ಥಟ್ಟನೆ ಕಣ್ಣಿಗೆ ಬೀಳುವಂಥದ್ದೂ ಅಲ್ಲ. ಗಂಟೆಗಟ್ಟಲೆ ಬಿಸಿಲಲ್ಲಿ ನಿಂತು ಬಂದವರಿಗೆ ಅದರ ಎದುರು ಸಿಗುವುದು ಕೆಲವೇ ಕ್ಷಣ. ಹೂವು ಮುಟ್ಟಿಸಿ, ಅದೇ ಹೂವನ್ನು ಮಗುವಿನ ಹಣೆಗೊತ್ತಿ, ಸೆರಗಿನಲ್ಲಿ ಕಟ್ಟಿಕೊಂಡು ಮುಂದೆ ಸರಿಯುತ್ತಾರೆ. ಮೊಂಬತ್ತಿಯ ಜಾಗದಲ್ಲಿ ಕೆಂಡದ ಝಳ. ಬತ್ತಿಗಳು ಒಂದಕ್ಕೊಂದು ವಾಲಿ, ಮೇಣ ಕರಗಿ ತಟ್ಟೆ ತುಂಬಿ ಹರಿಯುತ್ತಿದ್ದರೆ, ಸ್ವಯಂಸೇವಕರು ಅರ್ಧ ಉರಿದದ್ದನ್ನು ಎತ್ತಿ ಹಿಂದೆ ಬಂದವರಿಗೆ ಜಾಗ ಮಾಡುತ್ತಿರುತ್ತಾರೆ. ಕೆಳಗೆ ಪುಷ್ಕರಿಣಿಯ ನೀರನ್ನು ತಲೆಗೆ ಚಿಮುಕಿಸಿಕೊಂಡು, ಕಾಯಿಲೆ ಬಿದ್ದವರಿಗೆಂದು ಬಾಟಲಿಯಲ್ಲಿ ತುಂಬಿಕೊಳ್ಳುವವರು. ಅವರಲ್ಲಿ ಹಿಂದೂಗಳು ಯಾರು, ಮುಸ್ಲಿಮರು ಯಾರು, ಕ್ರೈಸ್ತರು ಯಾರು ಎಂದು ವಿಂಗಡಿಸಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹೊರಗೆ ಚರುಂಬುರಿ, ಮಿಠಾಯಿ, ಬಳೆ, ಕಬ್ಬಿನಹಾಲು. ಒಳಗೆ ಕೊಂಕಣಿಯಲ್ಲಿ ಒಂದು ಪೂಜೆ ಮುಗಿದರೆ ಕನ್ನಡದಲ್ಲಿ ಇನ್ನೊಂದು.

2016ರಲ್ಲಿ ರೋಮ್ ಅತ್ತೂರಿಗೆ ಬಸಿಲಿಕಾ ಪದವಿ ಕೊಟ್ಟಿತು. ಕರ್ನಾಟಕದಲ್ಲಿ ಅದಕ್ಕೆ ಮುಂಚೆ ಆ ಗೌರವ ಇದ್ದದ್ದು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾಕ್ಕೆ ಮಾತ್ರ. 2019ರಲ್ಲಿ ಕೆ.ಆರ್. ನಗರದ ಬಳಿಯ ಡೋರ್ನಹಳ್ಳಿಯ ಸಂತ ಅಂತೋನಿಯವರ ಕ್ಷೇತ್ರಕ್ಕೂ ಸಿಕ್ಕಿತು. ಮೂರೂ ಕಡೆ ಜನ ಮೊದಲು ಬಂದರು, ಪದವಿ ಆಮೇಲೆ ಬಂತು.

ಹೊಸ ದಿನಗಳೂ ಹುಟ್ಟುತ್ತಿವೆ. ಹದಿನೇಳನೇ ಶತಮಾನದಲ್ಲಿ ಕೆನರಾದಲ್ಲಿ ಸೇವೆ ಮಾಡಿ ಆಮೇಲೆ ಶ್ರೀಲಂಕಾಕ್ಕೆ ಹೋದ ಗೋವೆಯ ಜೋಸೆಫ್ ವಾಜರನ್ನು ಪೋಪ್ ಫ್ರಾನ್ಸಿಸ್ 2015ರ ಜನವರಿಯಲ್ಲಿ ಕೊಲಂಬೋದಲ್ಲಿ ಸಂತರೆಂದು ಸಾರಿದರು. ಅವರ ದಿನ ಜನವರಿ 16. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. ರೋಮ್ ಅವರನ್ನು ಸಂತರೆನ್ನುವ ಬಹಳ ಮೊದಲೇ ಅಲ್ಲಿನ ಗುಡ್ಡ ಹತ್ತುವವರಿದ್ದರು.

ಅತ್ತೂರಿಗೋ ಮುಡಿಪುವಿಗೋ ಹೋಗಲೇಬೇಕೆಂಬ ಕಟ್ಟಳೆ ಇಲ್ಲ. ಭಾನುವಾರದ ಪೂಜೆ ತಪ್ಪಿಸಬಾರದೆಂಬ ನಿಯಮವಿದೆ. ವರ್ಷದ ಕೆಲವೇ ಹಬ್ಬಗಳು ಆ ಸಾಲಿಗೆ ಸೇರುತ್ತವೆ, ಲಾರೆನ್ಸರದು ಅವುಗಳಲ್ಲಿ ಒಂದಲ್ಲ. ಆದರೂ ಭಾನುವಾರದ ಪೂಜೆಯನ್ನೇ ಆಗೀಗ ತಪ್ಪಿಸುವವರು ಕೂಡ ಜನವರಿಯಲ್ಲಿ ಅಜ್ಜಿಯ ಕೈಹಿಡಿದು ಕಾರ್ಕಳದ ಬಸ್ಸು ಹತ್ತುತ್ತಾರೆ.