ಗೇರುಬೀಜದ ಹೊಗೆಗೆ ಎಂಥ ಬ್ಲೋವರ್?

ಬೈಂದೂರು, ಕುಂದಾಪುರದ ಕಡೆ ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಗೇರು ಬೆಳೆಯುವ ಸದಸ್ಯರು ಹಲವರು. ಅದನ್ನು ಸಂಸ್ಕರಿಸುವ ಕಾರ್ಖಾನೆಗಳೂ ಇಲ್ಲಿವೆ. ಈಗ ಹಲವೆಡೆ ಬೀಜವನ್ನು ಹಬೆಯಲ್ಲಿ ಬೇಯಿಸುತ್ತಾರೆ. ಆದರೂ ಹುರಿಯುವ ಡ್ರಮ್ಮಿನಿಂದಾಗಲಿ, ಸಿಪ್ಪೆ ಉರಿಸುವ ಒಲೆಯಿಂದಾಗಲಿ ಏಳುವ ಹೊಗೆಯಲ್ಲಿ ಬೂದಿಯ ಜೊತೆಗೆ ಸಿಪ್ಪೆಯ ಎಣ್ಣೆಯೂ ಇರುತ್ತದೆ. ಇದನ್ನು ನೀರು ಸಿಂಪಡಿಸಿ ತೊಳೆಯುವ ಯಂತ್ರವೇ ಸ್ಕ್ರಬ್ಬರ್. ಹೊಗೆಯನ್ನು ಅದರ ಮೂಲಕ ಸಾಗಿಸುವುದು ಬ್ಲೋವರ್. ಬ್ಲೋವರ್ ಸೋತರೆ ಹೊಗೆ ಕೆಲಸಗಾರರ ಮುಖಕ್ಕೇ ತಿರುಗುತ್ತದೆ. ಆದ್ದರಿಂದ ಕೊಳ್ಳುವಾಗ ಬೆಲೆಗಿಂತ ಮೊದಲು ರೆಕ್ಕೆಯ ಆಕಾರವನ್ನು ನೋಡಬೇಕೆಂಬುದು ನಮ್ಮ ಸಲಹೆ.

ರೆಕ್ಕೆಗಳಲ್ಲಿ ಮುಖ್ಯವಾಗಿ ಮೂರು ವಿಧ.

1. ಮುಂದಕ್ಕೆ ಬಾಗಿದ ರೆಕ್ಕೆ: ಚಿಕ್ಕ ಚಿಕ್ಕ ರೆಕ್ಕೆಗಳು ಒತ್ತೊತ್ತಾಗಿರುತ್ತವೆ. ಕಡಿಮೆ ವೇಗದಲ್ಲೇ ಹೆಚ್ಚು ಗಾಳಿ ಕೊಡುತ್ತದೆ. ಆದರೆ ಎಣ್ಣೆಮಸಿ ಸಂದುಗಳಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಗಾಳಿಯ ಹಾದಿ ಸಡಿಲವಾದರೆ ಮೋಟಾರಿನ ಮೇಲೆ ಹೊರೆ ಏರುತ್ತದೆ. ಈ ಕೆಲಸಕ್ಕೆ ಬೇಡ.

2. ನೇರ ರೆಕ್ಕೆ: ಸೈಕಲ್ ಚಕ್ರದ ಕಡ್ಡಿಗಳಂತೆ ನಡುವಿನಿಂದ ಹೊರಕ್ಕೆ ನೇರವಾಗಿ ನಿಂತಿರುತ್ತದೆ. ವಿದ್ಯುತ್ ಸ್ವಲ್ಪ ಹೆಚ್ಚು ತಿನ್ನುತ್ತದೆ. ಆದರೆ ಮಸಿ ಅಷ್ಟಾಗಿ ನಿಲ್ಲದು. ಕೆರೆದು ತೆಗೆಯುವುದೂ ಸುಲಭ. ಸ್ಕ್ರಬ್ಬರಿಗೆ ಮೊದಲು, ತೊಳೆಯದ ಹೊಗೆಯಲ್ಲಿ ಕೂರಿಸುವುದಾದರೆ ಇದೇ ತಕ್ಕದ್ದು.

3. ಹಿಂದಕ್ಕೆ ಬಾಗಿದ ರೆಕ್ಕೆ: ಮೂರರಲ್ಲಿ ವಿದ್ಯುತ್ ಉಳಿತಾಯ ಇದರಲ್ಲೇ ಹೆಚ್ಚು, ಮೋಟಾರಿನ ಮೇಲಿನ ಹೊರೆಯೂ ಒಂದು ಮಿತಿಯನ್ನು ದಾಟದು. ಸ್ಕ್ರಬ್ಬರಿನ ನಂತರ, ತೊಳೆದ ಗಾಳಿಗೆ ಉತ್ತಮ.

ಬ್ಲೋವರನ್ನು ಸ್ಕ್ರಬ್ಬರಿನ ನಂತರ ಇಡುವುದರಲ್ಲಿ ಇನ್ನೊಂದು ಲಾಭವಿದೆ. ಅದಕ್ಕಿಂತ ಹಿಂದಿನ ಕೊಳವೆಯಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆಯೇ ಹೊರತು ಹೊಗೆ ಶೆಡ್ಡಿಗೆ ಬರುವುದಿಲ್ಲ. ಆದರೆ ನಡುವೆ ನೀರಹನಿ ತಡೆಯುವ ಜಾಲ ಇರಲೇಬೇಕು. ಇಲ್ಲವಾದರೆ ಹನಿಯೊಂದಿಗೆ ಬಂದ ಮಸಿ ರೆಕ್ಕೆಯ ಒಂದೇ ಪಕ್ಕದಲ್ಲಿ ಅಂಟಿ, ಚಕ್ರ ಓಲಾಡಿ, ಬೇರಿಂಗ್ ಹಾಳಾಗುತ್ತದೆ. ಬ್ಲೋವರ್ ಗೂಡಿನ ತಳದಲ್ಲಿ ನೀರು ಬಸಿಯುವ ತೂತೂ, ತುಕ್ಕು ತಡೆಯುವ ಲೋಹವೂ ಅಗತ್ಯ.

ಗಾಳಿ ಸಾಲದೆಂದು ಪುಲ್ಲಿ ಬದಲಿಸಿ ವೇಗ ಹೆಚ್ಚಿಸುವವರು ಒಂದು ಲೆಕ್ಕ ನೆನಪಿಡಬೇಕು. ವೇಗ ಶೇಕಡಾ 10 ಏರಿದರೆ ಗಾಳಿ ಏರುವುದು ಶೇಕಡಾ 10 ಮಾತ್ರ. ಬೇಕಾಗುವ ಶಕ್ತಿ ಮಾತ್ರ ಶೇಕಡಾ 33 ಏರುತ್ತದೆ. ಅಂದರೆ 10 ಅಶ್ವಶಕ್ತಿಯ ಕೆಲಸಕ್ಕೆ 13ಕ್ಕಿಂತ ಹೆಚ್ಚು ಬೇಕು. ಮೋಟಾರ್ ಸುಡುವುದೂ, ಚಕ್ರ ಸಿಡಿಯುವುದೂ ಹೀಗೆಯೇ. ಮೊದಲು ಕಟ್ಟಿದ ಮಸಿಯನ್ನು ಕೆರೆದು ನೋಡಿ.

ಕೊಳ್ಳುವ ಮೊದಲು ಗಾಳಿಯ ಪ್ರಮಾಣ, ಹೊಗೆಯ ಬಿಸಿ, ಸ್ಕ್ರಬ್ಬರಿನ ತಡೆ ಮತ್ತು ಬ್ಲೋವರ್ ಕೂರಿಸುವ ಜಾಗ, ಈ ನಾಲ್ಕನ್ನೂ ಬರೆದು ತಯಾರಕರಿಗೆ ಕೊಡಿ. ತೊಳೆದ ನೀರನ್ನು ಹಾಗೆಯೇ ತೋಡಿಗೆ ಬಿಡಬೇಡಿ. ಹೊಗೆಯನ್ನು ಹಿಡಿದು ಬಾವಿಯನ್ನು ಕೆಡಿಸಿದರೆ ಊರಿಗೆ ಆದ ಉಪಕಾರವೇನು?