ಲ್ಯುಕೇಮಿಯಾದ ಅಪಾಯಕಾರಿ ಅಂಶಗಳು

ಲ್ಯುಕೇಮಿಯಾ ಎಂಬುದು ಅಸ್ಥಿಮಜ್ಜೆಯಲ್ಲಿ ಆರಂಭವಾಗುವ ರಕ್ತದ ಕ್ಯಾನ್ಸರ್. ಈ ರೋಗದಲ್ಲಿ ಅಸಹಜ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚಿ, ಆರೋಗ್ಯವಂತ ರಕ್ತಕಣಗಳ ಉತ್ಪತ್ತಿಗೆ ಅಡ್ಡಿಯಾಗುತ್ತವೆ. ತೀವ್ರ ಲಿಂಫಾಯ್ಡ್, ತೀವ್ರ ಮೈಲಾಯ್ಡ್, ದೀರ್ಘಕಾಲಿಕ ಲಿಂಫಾಯ್ಡ್ ಮತ್ತು ದೀರ್ಘಕಾಲಿಕ ಮೈಲಾಯ್ಡ್ ಎಂಬುವು ಇದರ ನಾಲ್ಕು ಮುಖ್ಯ ಬಗೆಗಳು. ಹೆಚ್ಚಿನ ರೋಗಿಗಳಲ್ಲಿ ನಿರ್ದಿಷ್ಟ ಕಾರಣ ಪತ್ತೆಯಾಗುವುದಿಲ್ಲ. ಆದರೂ ಕೆಲವು ಜನ್ಮಜಾತ ಸ್ಥಿತಿಗಳು, ರಾಸಾಯನಿಕಗಳು ಮತ್ತು ವಿಕಿರಣವು ರೋಗದ ಸಂಭವವನ್ನು ಹೆಚ್ಚಿಸುತ್ತವೆ ಎಂಬುದು ಸಿದ್ಧವಾಗಿದೆ. ಇವುಗಳನ್ನು ಅಪಾಯಕಾರಿ ಅಂಶಗಳು ಎನ್ನುತ್ತಾರೆ. ಅಪಾಯಕಾರಿ ಅಂಶವಿದ್ದ ಮಾತ್ರಕ್ಕೆ ರೋಗ ಬಂದೇ ಬರುತ್ತದೆ ಎಂದು ಅರ್ಥವಲ್ಲ.

ವಂಶವಾಹಿಗಳ ಪಾತ್ರ

ಲ್ಯುಕೇಮಿಯಾ ವಂಶವಾಹಿಗಳಲ್ಲಿ ಉಂಟಾಗುವ ಬದಲಾವಣೆಯಿಂದ ಬರುವ ರೋಗವಾದರೂ ಸಾಮಾನ್ಯವಾಗಿ ವಂಶಪಾರಂಪರ್ಯದ ರೋಗವಲ್ಲ. ಬಹುತೇಕ ರೋಗಿಗಳಲ್ಲಿ ಈ ಬದಲಾವಣೆ ಮಜ್ಜೆಯ ಜೀವಕೋಶದಲ್ಲಿ ಮಾತ್ರ ಉಂಟಾಗಿರುತ್ತದೆ. ಅದು ತಂದೆತಾಯಿಗಳಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಇದಕ್ಕೆ ಪ್ರಸಿದ್ಧ ಉದಾಹರಣೆ ಫಿಲಡೆಲ್ಫಿಯಾ ವರ್ಣತಂತು. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ರೋಗಿಗಳಲ್ಲಿ ಇದನ್ನು 1960ರಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಗುರುತಿಸಿದರು. 9 ಮತ್ತು 22ನೇ ವರ್ಣತಂತುಗಳ ತುಣುಕುಗಳು ಅದಲುಬದಲಾಗುವುದರಿಂದ ಇದು ಉಂಟಾಗುತ್ತದೆ ಎಂಬುದನ್ನು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು.

ಹುಟ್ಟಿನಿಂದಲೇ ಇರುವ ಕೆಲವು ಸ್ಥಿತಿಗಳು ಅಪಾಯವನ್ನು ಹೆಚ್ಚಿಸುತ್ತವೆ. 21ನೇ ವರ್ಣತಂತು ಮೂರು ಪ್ರತಿಗಳಲ್ಲಿರುವ ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಲ್ಯುಕೇಮಿಯಾದ ಸಂಭವ ಇತರ ಮಕ್ಕಳಿಗಿಂತ ಸುಮಾರು 10ರಿಂದ 20 ಪಟ್ಟು ಹೆಚ್ಚು. ಲಿ-ಫ್ರೌಮೆನಿ ಸಿಂಡ್ರೋಮ್ ಕೂಡ ಇಂತಹ ಒಂದು ಸ್ಥಿತಿ. ಫ್ಯಾನ್ಕೋನಿ ರಕ್ತಹೀನತೆ, ಬ್ಲೂಮ್ ಸಿಂಡ್ರೋಮ್ ಮತ್ತು ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ವಿರಳ ರೋಗಗಳಲ್ಲಿ ಡಿಎನ್ಎಯ ಹಾನಿಯನ್ನು ಸರಿಪಡಿಸುವ ವ್ಯವಸ್ಥೆಯೇ ದುರ್ಬಲವಾಗಿರುತ್ತದೆ. ಈ ಮೂರು ರೋಗಗಳು ಸಾಮಾನ್ಯವಾಗಿ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವನೊಡನೆ ಅಕ್ಕನ ಮಗಳ ಮದುವೆ, ಸೋದರತ್ತೆಯ ಮಕ್ಕಳೊಡನೆ ಮದುವೆ ಮುಂತಾದ ರಕ್ತಸಂಬಂಧದ ವಿವಾಹಗಳು ಕರ್ನಾಟಕದಲ್ಲಿ ಬಹುಕಾಲದಿಂದ ರೂಢಿಯಲ್ಲಿವೆ. ಇಂತಹ ವಿವಾಹಗಳಲ್ಲಿ ಒಂದೇ ದೋಷ ಎರಡೂ ಕಡೆಯಿಂದ ಮಗುವಿಗೆ ಬರುವ ಸಾಧ್ಯತೆ ಹೆಚ್ಚು.

ಬೆಂಜೀನ್

ಲ್ಯುಕೇಮಿಯಾಕ್ಕೆ ಕಾರಣವಾಗುವ ರಾಸಾಯನಿಕಗಳಲ್ಲಿ ಅತ್ಯಂತ ಖಚಿತವಾಗಿ ತಿಳಿದಿರುವುದು ಬೆಂಜೀನ್. ಇದು ಪೆಟ್ರೋಲ್, ಕಲ್ಲಿದ್ದಲಿನ ಡಾಂಬರು, ಕೆಲವು ದ್ರಾವಕಗಳು ಮತ್ತು ತಂಬಾಕಿನ ಹೊಗೆಯಲ್ಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿನಲ್ಲಿ ಸೇರಿಸಿದೆ. ಬೆಂಜೀನ್ ಬೆರೆತ ಅಂಟನ್ನು ಬಳಸುತ್ತಿದ್ದ ಇಸ್ತಾಂಬುಲ್‌ನ ಪಾದರಕ್ಷೆ ತಯಾರಕರಲ್ಲಿ ಲ್ಯುಕೇಮಿಯಾ ಅಥವಾ ಅದರ ಪೂರ್ವಸ್ಥಿತಿಯ 26 ಪ್ರಕರಣಗಳನ್ನು ಮುಝಫ್ಫರ್ ಅಕ್ಸೋಯ್ ಮತ್ತು ಸಂಗಡಿಗರು 1974ರಲ್ಲಿ ವರದಿ ಮಾಡಿದರು.

ಉಸಿರಿನ ಮೂಲಕ ದೇಹ ಸೇರಿದ ಬೆಂಜೀನ್ ಯಕೃತ್ತಿನಲ್ಲಿ ಬೇರೆ ವಸ್ತುಗಳಾಗಿ ಮಾರ್ಪಡುತ್ತದೆ. ಅವು ಮಜ್ಜೆಯನ್ನು ತಲುಪಿ ಕ್ವಿನೋನ್‌ಗಳಾಗಿ ಡಿಎನ್ಎಯನ್ನು ಹಾನಿಗೊಳಿಸುತ್ತವೆ. ಎನ್‌ಕ್ಯೂಒ1 ಎಂಬ ಕಿಣ್ವ ಕ್ವಿನೋನ್‌ಗಳ ವಿಷಶಕ್ತಿಯನ್ನು ತಗ್ಗಿಸುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡುವುದಿಲ್ಲ. ಈ ಕೊರತೆಯುಳ್ಳ ಕಾರ್ಮಿಕರು ಬೆಂಜೀನ್‌ನ ವಿಷಪರಿಣಾಮಕ್ಕೆ ಬೇಗ ತುತ್ತಾಗುತ್ತಾರೆ ಎಂದು ಚೀನಾದಲ್ಲಿ ನಡೆದ ಅಧ್ಯಯನವೊಂದು 1997ರಲ್ಲಿ ತೋರಿಸಿತು. ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ತೊಂದರೆಯಾಗುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಇತರ ಅಂಶಗಳು

ಫಾರ್ಮಾಲ್ಡಿಹೈಡ್, ಹೆಚ್ಚಿನ ಪ್ರಮಾಣದ ವಿಕಿರಣ, ಧೂಮಪಾನ ಮತ್ತು ಬೇರೆ ಕ್ಯಾನ್ಸರಿಗಾಗಿ ಹಿಂದೆ ಪಡೆದ ಕೆಲವು ಕಿಮೋಥೆರಪಿ ಔಷಧಗಳೂ ಅಪಾಯವನ್ನು ಹೆಚ್ಚಿಸುತ್ತವೆ. ಕೀಟನಾಶಕಗಳ ವಿಷಯದಲ್ಲಿ ಪುರಾವೆ ಅಷ್ಟು ಬಲವಾಗಿಲ್ಲ. ಡಯಾಜಿನಾನ್ ಎಂಬ ಕೀಟನಾಶಕಕ್ಕೂ ಲ್ಯುಕೇಮಿಯಾಕ್ಕೂ ಸಂಬಂಧವಿರುವುದಕ್ಕೆ ಸೀಮಿತ ಪುರಾವೆಯಿದೆ ಎಂದು ಅದೇ ಸಂಶೋಧನಾ ಸಂಸ್ಥೆ 2015ರಲ್ಲಿ ಹೇಳಿತು.

ಹೊಸಪೇಟೆ, ಸಂಡೂರು, ಕಂಪ್ಲಿ ಪ್ರದೇಶ

ಗಣಿ, ಕಾರ್ಖಾನೆ, ಲಾರಿ ಸಾಗಣೆ ಮತ್ತು ನೀರಾವರಿ ಬೇಸಾಯ ಅಕ್ಕಪಕ್ಕದಲ್ಲೇ ಇರುವ ಈ ಪ್ರದೇಶದಲ್ಲಿ ಯಾವ ವಸ್ತುವಿನಿಂದ ಯಾವ ಅಪಾಯ ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

* ಅದಿರಿನ ಧೂಳು: ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ತೆರೆದ ಗಣಿಗಳಿವೆ. ಗಣಿಧೂಳು ಶ್ವಾಸಕೋಶಕ್ಕೆ ಹಾನಿಕರ. ಆದರೆ ಕಬ್ಬಿಣದ ಅದಿರಿನ ಧೂಳು ಲ್ಯುಕೇಮಿಯಾಕ್ಕೆ ಕಾರಣವೆಂದು ಗುರುತಿಸಲಾದ ವಸ್ತುಗಳಲ್ಲಿ ಸೇರಿಲ್ಲ.
* ಕೋಕ್ ಒಲೆಗಳು: ಸಂಡೂರು ತಾಲ್ಲೂಕಿನ ತೋರಣಗಲ್ಲು ಉಕ್ಕು ತಯಾರಿಕೆಯ ಕೇಂದ್ರ. ಉಕ್ಕಿನ ಉದ್ಯಮದಲ್ಲಿ ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಕೋಕ್ ಮಾಡುವಾಗ ಹೊರಡುವ ಅನಿಲದಲ್ಲಿ ಬೆಂಜೀನ್ ಇರುತ್ತದೆ. ಆದ್ದರಿಂದ ಎಲ್ಲೇ ಆದರೂ ಕೋಕ್ ಒಲೆಯ ಕೆಲಸದಲ್ಲಿ ಅನಿಲ ಸೋರದಂತೆ ತಡೆಯುವುದು ಮುಖ್ಯ.
* ಪೆಟ್ರೋಲ್: 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಲ್ಲಿರುವ ಬಿಎಸ್-6 ಮಾನದಂಡದಂತೆ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ನ್ನು ಮೀರುವಂತಿಲ್ಲ. ಆದರೂ ಗ್ಯಾರೇಜುಗಳಲ್ಲಿ ಬಿಡಿಭಾಗಗಳನ್ನೋ ಕೈಗಳನ್ನೋ ಪೆಟ್ರೋಲಿನಿಂದ ತೊಳೆಯುವುದು ಸುರಕ್ಷಿತವಲ್ಲ.
* ಬೇಸಾಯ: ತುಂಗಭದ್ರೆಯ ನೀರಿನಲ್ಲಿ ಕಂಪ್ಲಿಯ ಭತ್ತ ಹಾಗೂ ಹಂಪಿ, ಹೊಸಪೇಟೆಯ ಬಾಳೆ, ಕಬ್ಬು ಬೆಳೆಯುತ್ತವೆ. ಔಷಧಿ ಸಿಂಪಡಿಸುವವರು ಮೈ ಮುಚ್ಚುವ ಬಟ್ಟೆ ಮತ್ತು ಕೈಗವಸು ಧರಿಸುವುದು, ಖಾಲಿ ಡಬ್ಬಿಗಳನ್ನು ಮನೆಬಳಕೆಗೆ ತರದಿರುವುದು ಅಗತ್ಯ.

ಮುನ್ನೆಚ್ಚರಿಕೆ ಮತ್ತು ಕಾನೂನು

ಬೆಂಜೀನ್ ಆವಿಯನ್ನು ಬಟ್ಟೆಯಾಗಲಿ ಸಾಮಾನ್ಯ ಧೂಳಿನ ಮುಖಗವಸಾಗಲಿ ತಡೆಯುವುದಿಲ್ಲ. ಅದಕ್ಕೆ ಸಕ್ರಿಯ ಇಂಗಾಲದ ಶೋಧಕವುಳ್ಳ ಮುಖಗವಸು ಬೇಕು. 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದಂತೆ ಹೊರಗಿನ ಗಾಳಿಯಲ್ಲಿ ಬೆಂಜೀನ್‌ನ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು. 1948ರ ಕಾರ್ಖಾನೆಗಳ ಕಾಯ್ದೆಯು ಬೆಂಜೀನ್ ವಿಷಬಾಧೆಯನ್ನು ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು.

ಬಿಡದ ಜ್ವರ, ಕಾರಣವಿಲ್ಲದ ದಣಿವು, ಬಿಳಿಚಿಕೊಳ್ಳುವುದು, ವಸಡಿನಲ್ಲಿ ರಕ್ತ ಒಸರುವುದು, ಚರ್ಮದ ಮೇಲೆ ಕೆಂಪು ಚುಕ್ಕೆಗಳು ಕಂಡಾಗ ರಕ್ತಕಣಗಳ ಎಣಿಕೆಯ ಪರೀಕ್ಷೆ ಮೊದಲ ಹೆಜ್ಜೆ. ರೋಗವನ್ನು ಖಚಿತಪಡಿಸಲು ಸಾಮಾನ್ಯವಾಗಿ ಮಜ್ಜೆಯ ಪರೀಕ್ಷೆ ಅಗತ್ಯ. ವೈದ್ಯರ ಬಳಿ ರೋಗಿಯು ತಾನು ಮಾಡಿದ ಕೆಲಸಗಳು, ಬಳಸಿದ ರಾಸಾಯನಿಕಗಳು ಮತ್ತು ಹಿಂದೆ ಪಡೆದ ಚಿಕಿತ್ಸೆಗಳ ವಿವರವನ್ನು ತಪ್ಪದೆ ಹೇಳಬೇಕು.