ಮೋಡೆಮ್ ಅಟ್ಟದಲ್ಲಿ, ರೂಟರ್ ಜಗಲಿಯಲ್ಲಿ

ಮಲೆನಾಡಿನ ಮತ್ತು ಕರಾವಳಿಯ ಒಳಭಾಗದ ಒಂಟಿ ಮನೆಗಳಿಗೆ ಅಂತರ್ಜಾಲವನ್ನು ತಂತಿಯ ಮೂಲಕ ತಲುಪಿಸುವುದು ಇಂದಿಗೂ ಕಷ್ಟದ ಕೆಲಸವಾಗಿ ಉಳಿದಿರುವುದಕ್ಕೆ ಅಲ್ಲಿನ ವಸತಿಯ ಸ್ವರೂಪವೇ ಮುಖ್ಯ ಕಾರಣ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಕಟ್ಟಿದ ಮನೆಗಳ ಸಾಲು. ತೀರ್ಥಹಳ್ಳಿ, ಸಿದ್ದಾಪುರ, ಸುಳ್ಯದಂತಹ ತಾಲ್ಲೂಕುಗಳಲ್ಲಿ ಊರೆಂದರೆ ತೋಟದ ತಲೆಯಲ್ಲೊಂದು, ಗುಡ್ಡದ ಬುಡದಲ್ಲೊಂದು, ಹೊಳೆಯಾಚೆಗೊಂದು ಎಂಬಂತೆ ಚದುರಿದ ಮನೆಗಳು. ಒಬ್ಬ ಗ್ರಾಹಕನಿಗಾಗಿ ಅರ್ಧ ಕಿಲೋಮೀಟರ್ ಕಂಬ ನೆಡುವುದು ಯಾವ ಸಂಸ್ಥೆಗೂ ಲಾಭದ ಮಾತಲ್ಲ. ಹಿಂದೆ ದೂರವಾಣಿಯ ತಾಮ್ರದ ತಂತಿಯಲ್ಲಿಯೇ ಬ್ರಾಡ್‌ಬ್ಯಾಂಡ್ ಪಡೆದಿದ್ದ ಮನೆಗಳಲ್ಲಿಯೂ ಮಳೆಗಾಲಕ್ಕೆ ಜೋಡಣೆಗಳಲ್ಲಿ ನೀರಿಳಿದು, ಸಿಡಿಲಿಗೆ ಉಪಕರಣ ಸುಟ್ಟು, ವಿನಿಮಯ ಕೇಂದ್ರದಿಂದ ದೂರವಾದಷ್ಟೂ ವೇಗ ಕುಸಿದು, ಸಂಪರ್ಕವು ಹೆಸರಿಗೆ ಮಾತ್ರ ಉಳಿಯುತ್ತಿತ್ತು. ಇಂತಹ ಮನೆಗಳಿಗೆ ಮೊಬೈಲ್ ಗೋಪುರದ ಸಂಕೇತವನ್ನೇ ಹಿಡಿದು ಮನೆಯೊಳಗೆ ವೈಫೈ ಆಗಿ ಹಂಚುವ ವ್ಯವಸ್ಥೆಯು ಕೈಗೆಟಕುವ ದಾರಿಯಾಗಿದೆ. ಆದರೆ ಅದನ್ನು ಅಳವಡಿಸುವ ಕ್ರಮದಲ್ಲಿ ಆಗುವ ಒಂದು ತಪ್ಪಿನಿಂದಾಗಿ ಅನೇಕರು ಅದರ ಅರ್ಧ ಫಲವನ್ನಷ್ಟೇ ಪಡೆಯುತ್ತಿದ್ದಾರೆ.

ಆ ತಪ್ಪು ಯಾವುದೆಂದು ತಿಳಿಯಲು ಎರಡು ಉಪಕರಣಗಳ ಕೆಲಸವನ್ನು ಬೇರೆಬೇರೆಯಾಗಿ ಗುರುತಿಸಬೇಕು. ಮೋಡೆಮ್ ಎಂಬುದು ಮಾಡ್ಯುಲೇಟರ್ ಮತ್ತು ಡಿಮಾಡ್ಯುಲೇಟರ್ ಎಂಬ ಎರಡು ಪದಗಳು ಕೂಡಿ ಆದ ಹೆಸರು: ಅಂಕಿಗಳ ರೂಪದ ಮಾಹಿತಿಯನ್ನು ರೇಡಿಯೊ ಅಲೆಯ ಮೇಲೇರಿಸಿ ಗೋಪುರಕ್ಕೆ ಕಳಿಸುವುದು, ಅಲ್ಲಿಂದ ಬಂದ ಅಲೆಯಿಂದ ಮಾಹಿತಿಯನ್ನು ಇಳಿಸಿಕೊಳ್ಳುವುದು ಅದರ ಕೆಲಸ. ಸಿಮ್ ಕಾರ್ಡ್ ಕೂರುವುದು ಇದರಲ್ಲಿಯೇ. ರೂಟರ್ ಮನೆಯೊಳಗಿನ ವ್ಯವಹಾರವನ್ನು ನೋಡಿಕೊಳ್ಳುತ್ತದೆ. ಪ್ರತಿಯೊಂದು ಫೋನು, ಕಂಪ್ಯೂಟರು, ಟಿ.ವಿ.ಗೆ ಒಂದೊಂದು ವಿಳಾಸ ಕೊಟ್ಟು, ಅವೆಲ್ಲವುಗಳ ಬೇಡಿಕೆಯನ್ನು ಒಂದೇ ಬಾಗಿಲಿನಿಂದ ಹೊರಗೆ ಕಳಿಸಿ, ಮರಳಿ ಬಂದದ್ದನ್ನು ಕೇಳಿದವರಿಗೇ ತಲುಪಿಸುತ್ತದೆ. ಮೋಡೆಮ್ ಇರಬೇಕಾದದ್ದು ಗೋಪುರದ ಸಂಕೇತ ಚೆನ್ನಾಗಿರುವ ಕಡೆ, ರೂಟರ್ ಇರಬೇಕಾದದ್ದು ಮನೆಯ ಜನ ಓಡಾಡುವ ಕಡೆ. ಗುಡ್ಡದ ಸೀಮೆಯ ಮನೆಗಳಲ್ಲಿ ಈ ಎರಡು ಜಾಗಗಳು ಒಂದೇ ಆಗಿರುವುದು ಅಪರೂಪ. ಎರಡನ್ನೂ ಒಂದೇ ಡಬ್ಬಿಯಲ್ಲಿ ಸೇರಿಸಿದ ಉಪಕರಣವನ್ನು ಕೊಂಡು ತಂದು ಟಿ.ವಿ.ಯ ಪಕ್ಕದಲ್ಲಿಟ್ಟು, ವೇಗವಿಲ್ಲವೆಂದು ಕಂಪೆನಿಯನ್ನು ದೂರುವುದೇ ಸಾಮಾನ್ಯವಾಗಿ ಕಂಡುಬರುವ ತಪ್ಪು.

ಈ ವಿಂಗಡಣೆಯನ್ನು ಮಲೆನಾಡು ಬಹು ಕಷ್ಟದಿಂದ ಕಲಿತಿದೆ. 2009-10ರ ಸುಮಾರಿಗೆ ಡೇಟಾ ಕಾರ್ಡ್ ಅಥವಾ ಡಾಂಗಲ್ ಎಂದು ಕರೆಯಲಾಗುತ್ತಿದ್ದ ಬೆರಳುದ್ದದ ಮೋಡೆಮ್‌ಗಳು ಬಳಕೆಗೆ ಬಂದಾಗ, ಅವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕಿಟಕಿಯಿಂದ ಕಿಟಕಿಗೆ ಅಲೆಯುವುದು ವಾಡಿಕೆಯಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾದ ಮೇಲೆ ಡೇಟಾದ ಬೆಲೆ ಇಳಿಯಿತು, ಬೇಡಿಕೆ ಏರಿತು, ಆದರೆ ರೇಂಜ್ ಇಲ್ಲದ ಮನೆಗಳ ಸ್ಥಿತಿ ಹಾಗೆಯೇ ಉಳಿಯಿತು. 2020ರ ಲಾಕ್‌ಡೌನಿನಲ್ಲಿ ಶಾಲೆ-ಕಾಲೇಜುಗಳು ಪರದೆಗೆ ಬಂದಾಗ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಮಕ್ಕಳು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು, ತಾಡಪಾಲಿನ ಗುಡಿಸಲು ಕಟ್ಟಿಕೊಂಡು ಪಾಠ ಕೇಳಿದರು. ಮಕ್ಕಳನ್ನು ಹಾಗೆ ಗುಡ್ಡಕ್ಕೆ ಅಟ್ಟಬೇಕಾಗಿ ಬಂದದ್ದು ನಾಡು ಮರೆಯಬಾರದ ಸಂಗತಿ. ಅದರೊಳಗೆ ಒಂದು ತಾಂತ್ರಿಕ ಸತ್ಯವೂ ಅಡಗಿತ್ತು: ಅಂತಹ ಎಷ್ಟೋ ಕಡೆ ಸಂಕೇತವೇ ಇರಲಿಲ್ಲವೆಂದಲ್ಲ, ಅದು ಮನೆಯಿಂದ ಐವತ್ತು-ನೂರು ಮೀಟರ್ ಮೇಲಿತ್ತು. ಅಷ್ಟು ದೂರವನ್ನು ಮಗುವಿನ ಬದಲು ಒಂದು ಕೇಬಲ್ ದಾಟಬಹುದಾಗಿತ್ತು.

ಮೊದಲ ಕೆಲಸ ಅಳತೆ. ಫೋನಿನ ಮೂಲೆಯಲ್ಲಿ ಕಾಣುವ ಕಡ್ಡಿಗಳನ್ನು ನಂಬಿ ಜಾಗ ಆರಿಸುವುದು ಸರಿಯಲ್ಲ, ಏಕೆಂದರೆ ಎಷ್ಟು ಸಂಕೇತಕ್ಕೆ ಎಷ್ಟು ಕಡ್ಡಿ ಎಂಬುದನ್ನು ಆಯಾ ಫೋನಿನ ತಯಾರಕರೇ ನಿಗದಿಪಡಿಸುತ್ತಾರೆ. ಮೋಡೆಮಿನ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂಬ ಸಂಖ್ಯೆಯೊಂದು ಇರುತ್ತದೆ. ಗೋಪುರವು ಕಳಿಸುವ ಗುರುತಿನ ಸಂಕೇತ ಎಷ್ಟು ಬಲವಾಗಿ ಬಂದು ಮುಟ್ಟುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಸಂಖ್ಯೆ ಋಣಾತ್ಮಕವಾಗಿರುವುದರಿಂದ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು: -80ರ ಆಸುಪಾಸು ಉತ್ತಮ, -100 ಸಾಧಾರಣ, -115ರ ಆಚೆ ಇದ್ದೂ ಇಲ್ಲದಂತೆ. ಇದು ಡೆಸಿಬೆಲ್ ಲೆಕ್ಕವಾದ್ದರಿಂದ ಮೂರು ಅಂಕಿಯ ವ್ಯತ್ಯಾಸವೆಂದರೆ ಶಕ್ತಿಯಲ್ಲಿ ದುಪ್ಪಟ್ಟು, ಹತ್ತು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು. ಇದರ ಪಕ್ಕದಲ್ಲಿಯೇ ಇರುವ ಎಸ್‌ಐಎನ್‌ಆರ್ ಎಂಬ ಇನ್ನೊಂದು ಸಂಖ್ಯೆಯು ಬೇಕಾದ ಸಂಕೇತವು ಬೇಡದ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಸೂಚಿಸುತ್ತದೆ, ಮತ್ತು ನಿಜವಾದ ವೇಗವನ್ನು ನಿರ್ಧರಿಸುವುದರಲ್ಲಿ ಇದರ ಪಾಲು ದೊಡ್ಡದು. ಅದು 20ರ ಮೇಲಿದ್ದರೆ ಬಹಳ ಒಳ್ಳೆಯದು, ಸೊನ್ನೆಗಿಂತ ಕೆಳಗಿಳಿದರೆ ಎಷ್ಟು ಬಲವಾದ ಸಂಕೇತವಿದ್ದರೂ ಪ್ರಯೋಜನ ಕಡಿಮೆ. ಜಗಲಿ, ಉಪ್ಪರಿಗೆ, ಅಟ್ಟ, ಕೊಟ್ಟಿಗೆಯ ಮಾಡು, ನೀರಿನ ಟ್ಯಾಂಕಿನ ಕಟ್ಟೆ, ಹೀಗೆ ಒಂದೊಂದು ಜಾಗದಲ್ಲಿಯೂ ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಬೆಳಿಗ್ಗೆಯೊಮ್ಮೆ ಮತ್ತು ಎಲ್ಲರೂ ಫೋನು ಹಿಡಿದು ಕೂರುವ ರಾತ್ರಿ ಎಂಟು-ಒಂಬತ್ತರ ಹೊತ್ತಿಗೊಮ್ಮೆ ವೇಗವನ್ನು ಪರೀಕ್ಷಿಸಿದರೆ ಮನೆಯ ನಕ್ಷೆ ತಾನಾಗಿ ಸಿದ್ಧವಾಗುತ್ತದೆ. ಸಂಖ್ಯೆಗಳೆಲ್ಲ ಚೆನ್ನಾಗಿದ್ದೂ ರಾತ್ರಿ ಮಾತ್ರ ವೇಗ ಕುಸಿದರೆ ಅದು ಗೋಪುರದ ಮೇಲಿನ ಒತ್ತಡವೇ ಹೊರತು ಮನೆಯ ದೋಷವಲ್ಲ, ಆಗ ಇನ್ನೊಂದು ಕಂಪೆನಿಯ ಸಿಮ್ ಹಾಕಿ ನೋಡುವುದೇ ಮದ್ದು.

ಉಪಕರಣ ಕೊಳ್ಳುವ ಮೊದಲು ವಿಚಾರಿಸಬೇಕಾದದ್ದು ಬ್ಯಾಂಡುಗಳ ಬಗ್ಗೆ. ಬ್ಯಾಂಡ್ ಎಂದರೆ ರೇಡಿಯೊ ತರಂಗಗಳ ಒಂದು ಗೊತ್ತಾದ ಪಟ್ಟಿ. ಪ್ರತಿ ಪಟ್ಟಿಗೂ ಒಂದು ಸಂಖ್ಯೆಯಿದೆ. ಭಾರತದ 4ಜಿ ಸೇವೆಯಲ್ಲಿ 1800 ಮೆಗಾಹರ್ಟ್ಸಿನ ಬ್ಯಾಂಡ್ 3, 850ರ ಬ್ಯಾಂಡ್ 5, 2300ರ ಬ್ಯಾಂಡ್ 40 ಹೆಚ್ಚು ಬಳಕೆಯಲ್ಲಿವೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲವು 700ರ ಬ್ಯಾಂಡ್ 28 ಮತ್ತು 2100ರ ಬ್ಯಾಂಡ್ 1ರಲ್ಲಿ ನಡೆಯುತ್ತದೆ. ಈ ಜಾಲದ ಗೋಪುರಗಳ ರೇಡಿಯೊ ಉಪಕರಣಗಳನ್ನು ತಯಾರಿಸಿದ ತೇಜಸ್ ನೆಟ್‌ವರ್ಕ್ಸ್ ಬೆಂಗಳೂರಿನ ಸಂಸ್ಥೆ ಎಂಬುದು ಕನ್ನಡಿಗರು ಅಭಿಮಾನದಿಂದ ನೆನೆಯಬಹುದಾದ ಮಾತು. ಕಡಿಮೆ ಆವರ್ತನದ ಅಲೆಗಳು ಉದ್ದವಾಗಿದ್ದು, 700 ಮೆಗಾಹರ್ಟ್ಸಿನ ಒಂದು ಅಲೆ ಸುಮಾರು 43 ಸೆಂಟಿಮೀಟರ್ ಇದ್ದರೆ 2300ರದ್ದು 13 ಸೆಂಟಿಮೀಟರ್ ಮಾತ್ರ; ಉದ್ದದ ಅಲೆಗಳು ಗುಡ್ಡದ ಅಂಚನ್ನು ಬಳಸಿ ಬಾಗುವುದರಲ್ಲಿ, ಗೋಡೆ ಮತ್ತು ಎಲೆಗಳ ನಡುವೆ ನುಸುಳುವುದರಲ್ಲಿ ಮುಂದು. ಹೆಚ್ಚಿನ ಆವರ್ತನದ ಪಟ್ಟಿಗಳು ಸಾಮಾನ್ಯವಾಗಿ ಅಗಲವಾಗಿದ್ದು ಹೆಚ್ಚು ವೇಗ ಕೊಡುತ್ತವೆ, ಆದರೆ ಅವಕ್ಕೆ ದಾರಿ ತೆರವಾಗಿರಬೇಕು. ಅಗ್ಗದ ಅಥವಾ ವಿದೇಶದಿಂದ ತಂದ ಎಷ್ಟೋ ಮೋಡೆಮ್‌ಗಳಲ್ಲಿ ಬ್ಯಾಂಡ್ 28 ಅಥವಾ 40 ಇರುವುದೇ ಇಲ್ಲ; ಹತ್ತಿರದ ಗೋಪುರವು ಬಳಸುವ ಬ್ಯಾಂಡು ಮೋಡೆಮಿನಲ್ಲಿ ಇಲ್ಲದಿದ್ದರೆ ಯಾವ ಆಂಟೆನಾವೂ ಅದನ್ನು ತಂದುಕೊಡಲಾರದು.

ಅಡಿಕೆ ತೋಟದ ನಡುವಿನ ಮನೆಗೆ ಇನ್ನೊಂದು ಕಷ್ಟವಿದೆ. ಹಸಿ ಎಲೆಯಲ್ಲಿರುವ ನೀರು ಅಲೆಗಳನ್ನು ಹೀರುವುದರಿಂದ ಬೇಸಿಗೆಯಲ್ಲಿ ಸರಿಯಿದ್ದ ಸಂಪರ್ಕವು ಆಷಾಢದಲ್ಲಿ ತೊಯ್ದ ತೋಟದ ಹಿಂದೆ ಸೊರಗುತ್ತದೆ, ಆದ್ದರಿಂದ ಜಾಗದ ಆಯ್ಕೆಯನ್ನು ಮಳೆಗಾಲದಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು ಲೇಸು. ದಪ್ಪ ಮಣ್ಣಿನ ಅಥವಾ ಚಿರೆಕಲ್ಲಿನ ಗೋಡೆಗಳೂ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳೂ ಅಲೆಯನ್ನು ತಡೆಯುತ್ತವೆ, ಹಂಚಿನ ಮಾಡು ಅಷ್ಟಾಗಿ ತಡೆಯುವುದಿಲ್ಲ. ಹಳೆಯ ಮನೆಗಳ ಅಟ್ಟವು ಮೋಡೆಮಿಗೆ ಒಳ್ಳೆಯ ನೆಲೆಯಾಗುವುದು ಇದರಿಂದಲೇ. ತಗಡಿನ ಮಾಡಿದ್ದರೆ ಮಾತ್ರ ಹೊರಗೆ ಹೋಗದೆ ವಿಧಿಯಿಲ್ಲ.

ಹೊರಗಿನ ಆಂಟೆನಾ ಎಂದರೆ ದೂರದರ್ಶನದ ಕಾಲದಲ್ಲಿ ಮಾಡಿನ ಮೇಲೇರಿ ತಿರುಗಿಸುತ್ತಿದ್ದ ಮೀನಿನ ಮುಳ್ಳಿನಂತಹ ಯಾಗಿ ಆಂಟೆನಾದ ವಂಶದ್ದೇ. 1926ರಲ್ಲಿ ಜಪಾನಿನ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ರೂಪಿಸಿದ ಈ ವಿನ್ಯಾಸವು ಒಂದು ದಿಕ್ಕಿನಿಂದ ಬರುವ ಸಂಕೇತವನ್ನು ಒಟ್ಟುಗೂಡಿಸಿ ಉಳಿದ ದಿಕ್ಕುಗಳ ಗದ್ದಲವನ್ನು ತಗ್ಗಿಸುತ್ತದೆ. ಆದರೆ 4ಜಿಗೆ ಒಂದು ಆಂಟೆನಾ ಸಾಲದು. ಮೈಮೊ ಎಂಬ ಪದ್ಧತಿಯಲ್ಲಿ ಮಾಹಿತಿಯು ಎರಡು ಧಾರೆಗಳಾಗಿ ಏಕಕಾಲದಲ್ಲಿ ಬರುವುದರಿಂದ, ಒಂದು ಎಡಕ್ಕೂ ಇನ್ನೊಂದು ಬಲಕ್ಕೂ 45 ಡಿಗ್ರಿ ಓರೆಯಾಗಿರುವಂತೆ ಎರಡನ್ನು ಜೋಡಿಸಬೇಕು, ಇಲ್ಲವೇ ಎರಡೂ ಒಳಗೇ ಇರುವ ಹಲಗೆಯಾಕಾರದ ಆಂಟೆನಾ ಬಳಸಬೇಕು. ಹಣ ವ್ಯರ್ಥವಾಗುವುದು ಹೆಚ್ಚಾಗಿ ಕೇಬಲಿನಲ್ಲಿ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ತೆಳುವಾದ ಆರ್‌ಜಿ-58 ಕೇಬಲು 1800 ಮೆಗಾಹರ್ಟ್ಸಿನಲ್ಲಿ ಹತ್ತು ಮೀಟರಿಗೆ ಸುಮಾರು 7ರಿಂದ 10 ಡೆಸಿಬೆಲ್ ನುಂಗುತ್ತದೆ. ಆಂಟೆನಾ ಗಳಿಸಿಕೊಟ್ಟದ್ದೆಲ್ಲ ಮೋಡೆಮ್ ಮುಟ್ಟುವ ಮೊದಲೇ ಕರಗಿಹೋಗುತ್ತದೆ. ದಪ್ಪನೆಯ ಎಲ್‌ಎಂಆರ್-400 ಕೇಬಲಿನಲ್ಲಿ ಅಷ್ಟೇ ಉದ್ದಕ್ಕೆ ನಷ್ಟವು 2 ಡೆಸಿಬೆಲಿನಷ್ಟು, ಬೆಲೆ ಮಾತ್ರ ಹೆಚ್ಚು. ಇದಕ್ಕೆ ಸರಿಯಾದ ಪರಿಹಾರವೆಂದರೆ ರೇಡಿಯೊ ಕೇಬಲನ್ನು ಚಿಕ್ಕದು ಮಾಡಿ ಮಾಹಿತಿಯ ಕೇಬಲನ್ನು ಉದ್ದ ಮಾಡುವುದು. ಮೋಡೆಮನ್ನೇ ಆಂಟೆನಾದ ಬುಡಕ್ಕೆ ಒಯ್ದು, ಅಲ್ಲಿಂದ ರೂಟರಿನವರೆಗೆ ಇಥರ್ನೆಟ್ ಕೇಬಲ್ ಎಳೆದರೆ 100 ಮೀಟರಿನವರೆಗೂ ವೇಗದಲ್ಲಿ ಕುಂದಿಲ್ಲ. ಪಿಒಇ ಎಂಬ ವ್ಯವಸ್ಥೆಯುಳ್ಳ ಹೊರಾಂಗಣ ಮೋಡೆಮ್ ಆದರೆ ಅದಕ್ಕೆ ಬೇಕಾದ ವಿದ್ಯುತ್ತೂ ಅದೇ ಕೇಬಲಿನಲ್ಲಿ ಹರಿದು ಹೋಗುತ್ತದೆ. ಗುಡ್ಡದ ಮೇಲಿನ ಐವತ್ತು ಮೀಟರನ್ನು ದಾಟಿಸುವ ಉಪಾಯ ಇದೇ. 2023ರಲ್ಲಿ ನಗರಗಳಿಂದ ಆರಂಭವಾದ ಏರ್‌ಫೈಬರ್ ಸೇವೆಗಳು ತಾರಸಿಯ ಮೇಲೊಂದು ಘಟಕ, ಒಳಗೊಂದು ವೈಫೈ ಘಟಕ ಎಂದು ಇಬ್ಭಾಗ ಮಾಡಿಕೊಂಡಿರುವುದೂ ಈ ತತ್ತ್ವದ ಮೇಲೆಯೇ.

ಹಳೆಯ ಡಾಂಗಲ್ ಕೈಯಲ್ಲಿರುವವರು ಯುಎಸ್‌ಬಿ ಕಿಂಡಿಯುಳ್ಳ ರೂಟರಿಗೆ ಅದನ್ನು ಸಿಕ್ಕಿಸಿಯೂ ಕೆಲಸ ಸಾಧಿಸಬಹುದು, ಆದರೆ ಅಲ್ಲಿ ಎರಡು ತೊಡಕುಗಳಿವೆ. ಸಾಮಾನ್ಯ ಯುಎಸ್‌ಬಿ 2.0 ಕಿಂಡಿಯು 500 ಮಿಲಿಆಂಪಿಯರ್ ವಿದ್ಯುತ್ ಕೊಡುವಂತೆ ರೂಪಿತವಾಗಿದ್ದು, ಸಂಕೇತ ದುರ್ಬಲವಾದಾಗ ಡಾಂಗಲ್ ಗಟ್ಟಿಯಾಗಿ ಕೂಗಬೇಕಾಗಿ ಬಂದು ಅದಕ್ಕಿಂತ ಹೆಚ್ಚು ಎಳೆಯುವುದರಿಂದ ಸಂಪರ್ಕವು ಪದೇಪದೇ ಕಡಿಯುತ್ತದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಇಟ್ಟರೆ ಈ ಕಾಟ ತಪ್ಪುತ್ತದೆ. ಎರಡನೆಯದು, ಅನೇಕ ಡಾಂಗಲುಗಳು ಸಿಕ್ಕಿಸಿದೊಡನೆ ತಮ್ಮನ್ನು ತಂತ್ರಾಂಶ ತುಂಬಿದ ಸಿ.ಡಿ.ಯಂತೆ ಪರಿಚಯಿಸಿಕೊಂಡು, ಸೂಚನೆ ಬಂದ ಮೇಲಷ್ಟೇ ಮೋಡೆಮ್ ರೂಪಕ್ಕೆ ತಿರುಗುತ್ತವೆ. ಆ ಸೂಚನೆ ಕೊಡಲು ತಿಳಿಯದ ರೂಟರಿಗೆ ಅವು ಕಾಣಿಸುವುದೇ ಇಲ್ಲ. ಓಪನ್‌ಡಬ್ಲ್ಯುಆರ್‌ಟಿಯಂತಹ ಮುಕ್ತ ತಂತ್ರಾಂಶವಿರುವ ರೂಟರುಗಳಲ್ಲಿ ಇದಕ್ಕೆ ಪರಿಹಾರವಿದೆ.

ರೂಟರಿನ ಸಿದ್ಧತೆ ಹೆಚ್ಚು ಹೊತ್ತಿನದಲ್ಲ. ಬ್ರೌಸರಿನಲ್ಲಿ 192.168.1.1 ಎಂಬಂತಹ ವಿಳಾಸ ಬರೆದು ಒಳಹೊಕ್ಕು, ಕಂಪೆನಿಯ ಜಾಲದ ಹೆಬ್ಬಾಗಿಲಿನ ಹೆಸರಾದ ಎಪಿಎನ್ ಅನ್ನು ತುಂಬಬೇಕು. ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಜಿಯೊಗೆ ಜಿಯೊನೆಟ್ ಎಂದು ಅದು ಇರುತ್ತದೆ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಅಂದೇ ಬದಲಿಸಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಭದ್ರತೆಯನ್ನು ಆರಿಸಬೇಕು. ವೈಫೈಯ 2.4 ಗಿಗಾಹರ್ಟ್ಸ್ ಅಲೆ ಗೋಡೆಗಳನ್ನು ದಾಟಿ ಅಂಗಳದ ತುದಿಯವರೆಗೂ ಹೋಗುತ್ತದೆ, 5 ಗಿಗಾಹರ್ಟ್ಸಿನದು ಅದೇ ಕೋಣೆಯಲ್ಲಿ ಹೆಚ್ಚು ವೇಗ ಕೊಡುತ್ತದೆ.

ತೋಟದ ಗೇಟಿನಲ್ಲಿ ಕ್ಯಾಮೆರಾ ಇಟ್ಟು ಮಂಗಳೂರಿನಿಂದಲೋ ದುಬೈಯಿಂದಲೋ ನೋಡಬಯಸುವವರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಮೊಬೈಲ್ ಕಂಪೆನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವುದರಿಂದ, ಹೊರಗಿನಿಂದ ನೇರವಾಗಿ ಮನೆಯ ರೂಟರಿಗೆ ತಲುಪುವ ಹಳೆಯ ಪೋರ್ಟ್ ಫಾರ್ವರ್ಡಿಂಗ್ ಕ್ರಮವು ಇಲ್ಲಿ ನಡೆಯುವುದಿಲ್ಲ. ತಯಾರಕರ ಸರ್ವರಿನ ಮೂಲಕ ಆ್ಯಪಿನಲ್ಲಿ ತೋರಿಸುವ ಕ್ಯಾಮೆರಾಗಳನ್ನೇ ಕೊಳ್ಳಬೇಕು. ದಿನಕ್ಕೆ ಇಷ್ಟು ಜಿಬಿ ಎಂಬ ಮಿತಿಯ ಸಿಮ್ಮಿನಲ್ಲಿ ಹಗಲಿರುಳು ಕ್ಯಾಮೆರಾ ಓಡಿಸಿದರೆ ಮಕ್ಕಳ ಪಾಠದ ಹೊತ್ತಿಗೆ ಮಿತಿ ಮುಗಿದಿರುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಸಿಗ್ನಲ್ ಬೂಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಪೆಟ್ಟಿಗೆಗಳ ವಿಚಾರದಲ್ಲಿ ಎಚ್ಚರ ಅಗತ್ಯ. ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿಯು 2005ರಿಂದ ಪರವಾನಗಿಯಿಲ್ಲದೆ ಎಲ್ಲರ ಬಳಕೆಗೆ ತೆರೆದಿದೆ. ಮೊಬೈಲ್ ಪಟ್ಟಿಗಳು ಹಾಗಲ್ಲ, ಅವು ಕಂಪೆನಿಗಳಿಗೆ ಹಂಚಿಕೆಯಾದವು. ಆ ಪಟ್ಟಿಗಳ ಸಂಕೇತವನ್ನು ಹಿಗ್ಗಿಸಿ ಮರುಪ್ರಸಾರ ಮಾಡುವ ಯಂತ್ರವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೂ ಕಾನೂನುಬಾಹಿರ. ಕಾನೂನಿಗಿಂತ ಮಿಗಿಲಾದ ಕಾರಣವೂ ಇದೆ: ಒಂದು ಮನೆಯ ಕೆಟ್ಟ ಬೂಸ್ಟರ್ ಗೋಪುರದ ಕಿವಿಯನ್ನೇ ಕಿವುಡಾಗಿಸಿ ಅಕ್ಕಪಕ್ಕದ ಹತ್ತಾರು ಮನೆಗಳ ಸಂಪರ್ಕವನ್ನು ಕೆಡಿಸಬಲ್ಲದು.

ಉಳಿದದ್ದು ಕರೆಂಟು ಮತ್ತು ಸಿಡಿಲು. ಮೋಡೆಮ್ ಮತ್ತು ರೂಟರ್ ಎರಡೂ ಸೇರಿ ಹತ್ತು-ಹದಿನೈದು ವಾಟ್‌ಗಿಂತ ಹೆಚ್ಚು ಬಳಸುವುದು ಕಡಿಮೆಯಾದ್ದರಿಂದ ಮನೆಯ ಇನ್ವರ್ಟರು ಅವನ್ನು ಗಂಟೆಗಟ್ಟಲೆ ಸಾಕಬಲ್ಲದು, ಗೋಪುರದ ಬ್ಯಾಟರಿ ಅದಕ್ಕಿಂತ ಮೊದಲೇ ಮುಗಿಯುವುದುಂಟು. ಎರಡು ಬೇರೆ ಗೋಪುರಗಳ ಸಂಕೇತ ಸಿಗುವ ಮನೆಯಲ್ಲಿ ಎರಡು ಸಿಮ್ಮಿನ ಉಪಕರಣವಿದ್ದರೆ ಒಂದು ಮಲಗಿದಾಗ ಇನ್ನೊಂದು ಎದ್ದಿರುವ ಸಾಧ್ಯತೆಯಿದೆ. ಸಿಡಿಲಿನ ಮಾತು ಇನ್ನೂ ಗಂಭೀರ. ತಂತಿಯಿಲ್ಲದ ಸಂಪರ್ಕದ ದೊಡ್ಡ ಲಾಭವೇ ಹೊರಗಿನಿಂದ ಸಿಡಿಲನ್ನು ಹೊತ್ತು ತರುವ ದೂರವಾಣಿಯ ತಂತಿ ಇಲ್ಲದಿರುವುದು. ಮಾಡಿನ ಮೇಲೆ ಆಂಟೆನಾ ನಿಲ್ಲಿಸಿದೊಡನೆ ಆ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಆದ್ದರಿಂದ ಆಂಟೆನಾದ ಕಂಬವನ್ನು ಪ್ರತ್ಯೇಕವಾಗಿ ಅರ್ತಿಂಗ್ ಮಾಡಿ, ಕೇಬಲು ಮನೆಯೊಳಗೆ ಹೊಗುವಲ್ಲಿ ಸರ್ಜ್ ಅರೆಸ್ಟರ್ ಜೋಡಿಸಬೇಕು. ನೇರವಾಗಿ ಎರಗುವ ಸಿಡಿಲನ್ನು ಇವು ತಡೆಯಲಾರವು, ಹತ್ತಿರದಲ್ಲೆಲ್ಲೋ ಬಿದ್ದದ್ದರ ಹೊಡೆತವನ್ನು ತಗ್ಗಿಸುತ್ತವೆ, ಅಷ್ಟೆ. ಏಪ್ರಿಲ್-ಮೇ ತಿಂಗಳ ಸಂಜೆಮಳೆಯಲ್ಲಿ ಗುಡುಗು ಕೇಳಿದೊಡನೆ ಪ್ಲಗ್ ಕೀಳುವ ಮಲೆನಾಡಿನ ಪದ್ಧತಿಗೆ ಬದಲಿಲ್ಲ. ಪ್ಲಗ್ಗಿನ ಜೊತೆ ಮೇಲಿನಿಂದ ಇಳಿದ ಕೇಬಲನ್ನೂ ಗುಡುಗು ಹತ್ತಿರವಾಗುವ ಮೊದಲೇ ಕಳಚಿಡಬೇಕು.

ಫೈಬರ್ ಕೊನೆಗೂ ಬಂದು ತಲುಪಿದ ಮನೆಗಳಲ್ಲಿ ಈ ಸಾಧನಗಳನ್ನು ಗುಜರಿಗೆ ಹಾಕಬೇಕಿಲ್ಲ. ಹಲವು ರೂಟರುಗಳಲ್ಲಿ ಮುಖ್ಯ ಸಂಪರ್ಕ ಮತ್ತು ಮೀಸಲು ಸಂಪರ್ಕವೆಂದು ಎರಡನ್ನು ನಮೂದಿಸುವ ಅವಕಾಶವಿದ್ದು, ಫೈಬರನ್ನು ಮೊದಲನೆಯದಾಗಿ, ಮೋಡೆಮನ್ನು ಎರಡನೆಯದಾಗಿ ಇಟ್ಟರೆ ಒಂದು ಕಡಿದಾಗ ಇನ್ನೊಂದು ತಾನಾಗಿ ಕೆಲಸ ಆರಂಭಿಸುತ್ತದೆ. ವಿದ್ಯುತ್ ಕಂಬಗಳನ್ನೇ ಆಸರೆ ಮಾಡಿಕೊಂಡು ಕಾಡಿನಂಚಿನಲ್ಲಿ ಬರುವ ಫೈಬರು ಮಳೆಗಾಲದ ಗಾಳಿಗೆ ಮರ ಬಿದ್ದು ಹರಿದಾಗ, ಅದನ್ನು ಜೋಡಿಸುವವರು ಬರುವ ತನಕ ಆ ಮನೆಯ ಸಂಪರ್ಕವನ್ನು ಹೊರುವುದು ಅಟ್ಟದ ಮೇಲಿನ ಮೋಡೆಮೇ.